ಇಂದ್ರರ ಕಾಲಿನ ಬೂಷ್ಟು

ಬಸದಿಯ ಪುರೋಹಿತರಾದ ಇಂದ್ರರಿಗೆ ಕಾಲು ಒಣಗಿಸಲು ಪುರುಸೊತ್ತಾದರೂ ಎಲ್ಲಿ? ಬೆಳಗಾದರೆ ಸ್ನಾನ, ಮಡಿ, ಸ್ವಾಮಿಗೆ ಅಭಿಷೇಕ. ಮೂಡುಬಿದಿರೆಯ ಶಾಂತಿಪ್ರಸಾದ ಇಂದ್ರರು ಇಪ್ಪತ್ತೈದು ವರ್ಷ ಆ ನೀರಿನಲ್ಲೇ ನಿಂತವರು. ಬೆರಳ ಸಂದಿ ಬೆಳ್ಳಗೆ ಕೊಳೆತಿತ್ತು, ಹೆಬ್ಬೆರಳಿನ ಉಗುರು ಹಳದಿಯಾಗಿ ದಪ್ಪಗಟ್ಟಿತ್ತು. ತುರಿಕೆಯನ್ನು ಹೇಗೋ ಸಹಿಸಬಹುದು, ವಾಸನೆಯನ್ನು ಬಚ್ಚಿಡುವುದು ಹೇಗೆ? ೧೯೬೩ರ ಮಳೆಗಾಲ ಮುಗಿಯುವಾಗ ಬಸದಿಯ ಹಿರಿಯರಾದ ಜಯವರ್ಮರು ಮೆತ್ತಗೆ ಹೇಳಿಯೇಬಿಟ್ಟರು: "ಸದ್ಯಕ್ಕೆ ಗರ್ಭಗುಡಿಗೆ ಬೇರೆಯವರು ಹೋಗಲಿ. ಬರುವ ವರ್ಷದ ದಶಲಕ್ಷಣ ಪರ್ವಕ್ಕೂ ಗುಣವಾಗದಿದ್ದರೆ ಮತ್ತೆ ನೋಡುವ."

ನೋಡುವ ಎಂದರೆ ಪೂಜೆ ಕೈತಪ್ಪಿತು ಎಂದೇ ಅರ್ಥ. ಇಂದ್ರರು ಮರುದಿನವೇ ಮದ್ದಿಗೆ ಹೊರಟರು.

ಪೇಟೆಯ ಶುಕೂರ್ ಡಾಕ್ಟ್ರು ಉಗುರನ್ನು ತಟ್ಟಿ ನೋಡಿದರು. "ಇದು ಒಂದು ಬೂಷ್ಟು, ಇಂದ್ರರೇ. ಬರೀ ಮುಲಾಮು ಹಚ್ಚಿದರೆ ಉಗುರಿನ ಬುಡಕ್ಕೆ ಇಳಿಯುವುದಿಲ್ಲ. ಈಗ ಹೊಸ ಮಾತ್ರೆ ಬಂದುಂಟು. ಹೊಟ್ಟೆಗೆ ಅದು, ಮೇಲಿಂದ ಮುಲಾಮು. ಎರಡೂ ಒಟ್ಟಿಗೆ ಆಗ್ಬೇಕು, ಹೊಸ ಉಗುರು ಬರುವವರೆಗೆ."

"ಮಾತ್ರೆ ಯಾವುದರಿಂದ ಮಾಡಿದ್ದು?"

ಡಾಕ್ಟ್ರು ಸುಳ್ಳು ಹೇಳುವ ಮನುಷ್ಯರಲ್ಲ. "ಅದೂ ಒಂದು ಬೂಷ್ಟಿನಿಂದಲೇ."

ಮುಗಿಯಿತು ಕಥೆ! ಬೂಷ್ಟಿನ ಒಂದು ಚುಕ್ಕೆಯಲ್ಲಿ ಎಣಿಕೆಗೆ ಸಿಗದಷ್ಟು ಜೀವಗಳಿವೆ ಎಂದು ನಂಬಿದ ಮನೆತನ ಅದು. ಉಪ್ಪಿನಕಾಯಿಯಲ್ಲಿ ಬಿಳಿ ಕಂಡರೆ ಭರಣಿಯನ್ನೇ ಮುಟ್ಟದವರು ಅದನ್ನು ನುಂಗುವುದೇ? ಇಂದ್ರರು ಪೊಟ್ಟಣವನ್ನು ಪೆಟ್ಟಿಗೆಯ ಅಡಿಗೆ ತಳ್ಳಿ, ಮುಲಾಮನ್ನು ಮಾತ್ರ ಶ್ರದ್ಧೆಯಿಂದ ಹಚ್ಚಿದರು. ಹೆಂಡತಿ ಕಮಲಾವತಿಗೂ ಹೇಳಲಿಲ್ಲ. ನಾಲ್ಕು ತಿಂಗಳಾಯಿತು. ಚರ್ಮ ಸುಧಾರಿಸುವುದು, ಮತ್ತೆ ಕೊಳೆಯುವುದು. ಉಗುರು ಇದ್ದ ಹಾಗೆಯೇ ಇತ್ತು.

ಒಂದು ಮಧ್ಯಾಹ್ನ ಕಮಲಾವತಿ ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದಳು. ಅವಳ ಬೆರಳ ಸಂದಿಯಲ್ಲೂ ಅದೇ ಬಿಳಿ!

"ಯಾವಾಗಿನಿಂದ ಇದು?"

"ದೀಪಾವಳಿಯಿಂದ. ಒಂದೇ ಬಚ್ಚಲು, ಬಾರದೆ ಇರ್ತದಾ? ಹೊರಗೆ ಗೊತ್ತಾದರೆ ನಮ್ಮ ಮನೆಗೇ ಪೂಜೆ ತಪ್ತದೆ ಅಂತ ಸುಮ್ಮನಿದ್ದೆ."

ಇಂದ್ರರಿಗೆ ಅಳುವೇ ಬಂತು. ಪೊಟ್ಟಣ ತಂದು ತೋರಿಸಿ ಎಲ್ಲವನ್ನೂ ಹೇಳಿದರು. ಕಮಲಾವತಿಗೆ ಸಿಟ್ಟು ನೆತ್ತಿಗೇರಿತು.

"ಅಲ್ಲ, ದಿನಾ ಮುಲಾಮು ಹಚ್ಚುವಾಗ ಸಾಯುವುದು ಏನು ಮತ್ತೆ? ಮೇಲಿಂದ ಕೊಂದರೆ ಪಾಪ ಇಲ್ಲ, ಬಾಯಿಗೆ ಹಾಕಿದರೆ ಮಾತ್ರ ಪಾಪವಾ?"

ಇಂದ್ರರಿಗೂ ಹೌದೆನಿಸಿತು. ನಾಲ್ಕು ತಿಂಗಳು ಕೊಲ್ಲುತ್ತಲೇ ಬಂದಿದ್ದರು. ಪೂರ್ತಿ ಕೊಲ್ಲಲೂ ಇಲ್ಲ, ಹೆಂಡತಿಯ ಕಾಲಿಗೆ ದಾಟಿಸಿದ್ದೊಂದು ಲಾಭ. ಮಾರನೆಯ ದಿನ ಇಬ್ಬರೂ ಡಾಕ್ಟ್ರ ಬಳಿಗೆ ಹೋದರು. ಅವಳಿಗೆ ಮುಲಾಮೇ ಸಾಕಾಯಿತು. ಇಂದ್ರರು ಅಂದಿನಿಂದ ಹೊತ್ತು ಮುಳುಗುವ ಮುಂಚಿನ ಊಟದಲ್ಲಿ, ತುಪ್ಪ ಕಲಸಿದ ಅನ್ನದ ಜೊತೆ ಕಣ್ಣುಮುಚ್ಚಿ ಮಾತ್ರೆ ನುಂಗಿದರು. ಪ್ರಾಯಶ್ಚಿತ್ತಕ್ಕೆಂದು, ಪ್ರಾಣವಾಗಿದ್ದ ಹಲಸಿನ ಹಪ್ಪಳವನ್ನು ಬಿಟ್ಟರು.

ಎಂಟು ತಿಂಗಳಲ್ಲಿ ಹೆಬ್ಬೆರಳಿಗೆ ತೆಳ್ಳನೆಯ ಹೊಸ ಉಗುರು ಬಂತು. ಜಯವರ್ಮರು ಬಗ್ಗಿ ನೋಡಿ, "ಒಳಗೆ ಹೋಗಿ ಇಂದ್ರರೇ" ಎಂದರು. ಪರ್ವದ ಪೂಜೆಯೆಲ್ಲ ಅವರ ಕೈಯಿಂದಲೇ ನಡೆಯಿತು. ಅದು ಮುಗಿದ ಮೇಲೆ ಎಲ್ಲ ಜೀವಗಳ ಕ್ಷಮೆ ಕೇಳುವ ದಿನ ಉಂಟಲ್ಲ, ಅಂದು ಇಂದ್ರರು ಮನೆಯಂಗಳದಲ್ಲಿ ನಿಂತು, ಕಣ್ಣಿಗೆ ಕಾಣದ ಆ ಬೂಷ್ಟಿನ ಕ್ಷಮೆಯನ್ನು ಗಟ್ಟಿಯಾಗಿಯೇ ಕೇಳಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ ಕೈಮುಗಿದರು.

"ಅದಕ್ಕೆ ಮೊದಲು, ನನಗೆ ಆಮೇಲೆಯಾ?" ಎಂದಳು ಕಮಲಾವತಿ.

"ಅದು ಬೈಯುವುದಿಲ್ಲವಲ್ಲ" ಎಂದರು ಇಂದ್ರರು. "ನಿನ್ನ ಹತ್ತಿರ ಕೇಳ್ಲಿಕ್ಕೆ ಧೈರ್ಯ ಬೇಕಿತ್ತು."