ಲಡ್ಡು ಬೇಡವೆಂದ ಮಿಲಿಟ್ರಿ ಅಜ್ಜ

ಮೊನ್ನೆ ಫರಂಗಿಪೇಟೆಯಲ್ಲಿ ಬೆಳ್ತಂಗಡಿ ಬಸ್ಸಿಗೆ ಕಾಯುತ್ತಿದ್ದೆ. ಯಾವುದೋ ಗೆಲುವಿನ ಮೆರವಣಿಗೆಯವರು ಹೆದ್ದಾರಿಯ ಪಕ್ಕದಲ್ಲಿ ಪಟಾಕಿ ಮಾಲೆಗೆ ಬೆಂಕಿ ಕೊಟ್ಟರು. ಹೊಗೆ ಮುಖಕ್ಕೆ ಬಡಿಯಿತು. ಆ ಮದ್ದಿನ ವಾಸನೆ ಬಂದರೆ ಸಾಕು, ಮಡಂತ್ಯಾರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಿಲಿಟ್ರಿ ಅಜ್ಜ ನೆನಪಾಗುತ್ತಾರೆ...

ಅವರು ಬ್ರಿಟಿಷರ ಕಾಲದಲ್ಲಿ ಸೈನ್ಯಕ್ಕೆ ಸೇರಿ ಲಾರಿ ಓಡಿಸಿದವರು. ಮಹಾಯುದ್ಧ ಮುಗಿದ ಮೇಲೆ ಅವರ ತುಕಡಿಯನ್ನು ಜಪಾನಿಗೆ ಕಳುಹಿಸಿದ್ದರು. ಊರಿಗೆ ಅಷ್ಟು ಗೊತ್ತಿತ್ತು. ಅಲ್ಲಿ ಏನು ಕಂಡಿರಿ ಎಂದು ಯಾರೂ ಕೇಳಿರಲಿಲ್ಲ. ಪ್ರತಿವರ್ಷ ಸ್ವಾತಂತ್ರ್ಯ ದಿನ ಶಾಲೆಯಲ್ಲಿ ಬಾವುಟ ಹಾರಿಸಲು ಅವರನ್ನೇ ಕರೆಯುತ್ತಿದ್ದರು. ಇಸ್ತ್ರಿ ಹಾಕಿದ ಬಿಳಿ ಅಂಗಿಗೆ ಪದಕಗಳನ್ನು ಚುಚ್ಚಿಕೊಂಡು ಹೊರಟರೆ ಆ ದಿನ ಅವರ ನಡಿಗೆಯೇ ಬೇರೆ.

ನಮ್ಮ ದೇಶ ಮರುಭೂಮಿಯಲ್ಲಿ ಅಣುಬಾಂಬು ಪರೀಕ್ಷೆ ಮಾಡಿದ ಸುದ್ದಿ ಬಂದಾಗ ಪೇಟೆಯ ಹುಡುಗರು ಪಟಾಕಿ ಸಿಡಿಸಿ ಲಡ್ಡು ಹಂಚಿದರು. ಅಜ್ಜನ ಕೊರಳಿಗೆ ಮಾಲೆ ಹಾಕಿ ಮೊದಲ ಲಡ್ಡು ಅವರಿಗೇ ನೀಡಿದರು. ಅಜ್ಜ ಕೈ ಚಾಚಲಿಲ್ಲ.

“ನನಗೆ ಬೇಡ ಮಕ್ಕಳೇ. ಅದು ಬಿದ್ದ ಊರನ್ನು ನಾನು ನೋಡಿದವ.”

“ಮಿಲಿಟ್ರಿಯಲ್ಲಿದ್ದವರೇ ಹೀಗೆ ಹೇಳಿದ್ರೆ ಹೇಗೆ ಅಜ್ಜ? ಇದು ದೇಶದ ಮರ್ಯಾದೆ ಅಲ್ವಾ?” ಎಂದ ಒಬ್ಬ.

ಅಜ್ಜ ಮಾಲೆ ತೆಗೆದು ಅಂಗಡಿಯ ಬೆಂಚಿನ ಮೇಲಿಟ್ಟು ಮನೆಯ ಕಡೆ ನಡೆದರು. ಹಿಂದಿನಿಂದ ಯಾರೋ ‘ದೇಶದ್ರೋಹಿ’ ಎಂದದ್ದು ನನಗೂ ಕೇಳಿಸಿತು.

ಆ ಆಗಸ್ಟಿನಲ್ಲಿ ಶಾಲೆಯಿಂದ ಕರೆ ಬರಲಿಲ್ಲ. ಆದರೂ ಅವರು ಬೆಳಿಗ್ಗೆಯೇ ಪದಕ ಚುಚ್ಚಿಕೊಂಡು ಜಗಲಿಯಲ್ಲಿ ಕಾಯುತ್ತಿದ್ದರು. ಮೈಕಿನಲ್ಲಿ ರಾಷ್ಟ್ರಗೀತೆ ಕೇಳಿದಾಗ ಎದ್ದು ನೆಟ್ಟಗೆ ನಿಂತರು. ಚಾ ಕೊಡಲು ಹೋಗಿದ್ದ ನಾನೂ ನಿಂತೆ. ಮುಗಿದ ಮೇಲೆ, ನಾನು ಕೇಳದೆಯೇ, ಅವರು ಮಾತಾಡಿದರು.

“ಜಪಾನಿನಲ್ಲಿ ನಮ್ಮ ಕ್ಯಾಂಪಿಗೆ ಒಂದು ಹೆಣ್ಣುಮಗು ಬರ್ತಿತ್ತು, ಆ ಬಾಂಬು ಬಿದ್ದ ಊರಿನದ್ದು. ಅನ್ನ ಉಳಿದರೆ ನನ್ನ ಡಬ್ಬಿಯಲ್ಲಿ ಹಾಕಿ ಕೊಡ್ತಿದ್ದೆ. ಮೈಮೇಲೆ ಸುಟ್ಟ ಗಾಯ ಒಂದೂ ಇರಲಿಲ್ಲ ಅದಕ್ಕೆ. ಬದುಕಿಕೊಂಡಿತು ಅಂತ ಗ್ರಹಿಸಿದ್ದೆ. ಆಮೇಲೆ ಕೈಯಲ್ಲಿ ನೇರಳೆ ಕಲೆ ಎದ್ದಿತು, ಒಸಡಿನಲ್ಲಿ ರಕ್ತ... ಬರುವುದು ನಿಂತಿತು. ಒಂದು ದಿನ ಅದರ ತಾಯಿ ಬಂದಳು. ಡಬ್ಬಿಯನ್ನು ತೊಳೆದು, ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು. ನಾನು ಗೆದ್ದವರ ಕಡೆಯವ ಅಲ್ವಾ... ಆದ್ರೂ ಬಗ್ಗಿ ನಮಸ್ಕಾರ ಮಾಡಿದಳು.”

“ಇದನ್ನು ಅವತ್ತೇ ಪೇಟೆಯಲ್ಲಿ ಹೇಳಬಹುದಿತ್ತಲ್ಲ ಅಜ್ಜ?”

“ಆ ಗಲಾಟೆಯಲ್ಲಿ ಯಾರಿಗೆ ಹೇಳುವುದು?” ಎನ್ನುತ್ತ ಪದಕಗಳನ್ನು ಒಂದೊಂದಾಗಿ ಬಿಚ್ಚಿದರು. ಮತ್ತೆ ಅವರು ಅವನ್ನು ಹಾಕಿದ್ದನ್ನು ನಾನು ನೋಡಲಿಲ್ಲ. ಶಾಲೆಯವರೂ ಕರೆಯಲಿಲ್ಲ. ಕೆಲವು ಮಳೆಗಾಲ ಕಳೆದು ಅಜ್ಜ ತೀರಿಕೊಂಡರು.

ಈಗ ಗಡಿಯಲ್ಲಿ ಏನಾದರೂ ಆದರೆ ಸಾಕು, ಊರಿನ ವಾಟ್ಸಾಪ್ ಗುಂಪಿನಲ್ಲಿ ‘ಒಂದು ಬಾಂಬು ಹಾಕಿದರೆ ಮುಗಿಯಿತು’ ಎಂದು ಬರೆಯುತ್ತಾರೆ. ಮೊದಲೆಲ್ಲ ವಾದ ಮಾಡುತ್ತಿದ್ದೆ. ಈಗ ಸುಸ್ತಾಗಿದೆ. ಮೊನ್ನೆ ಬಸ್ಸಿನಲ್ಲಿ ಕುಳಿತ ಮೇಲೆ, ಆ ಮಗುವಿನ ಬಗ್ಗೆಯಾದರೂ ಬರೆದು ಹಾಕೋಣವೆಂದು ಮೊಬೈಲು ತೆಗೆದೆ. ಅಜ್ಜ ಅಂದು ಅದರ ಹೆಸರು ಹೇಳಿದ್ದರು, ಎರಡು ಸಲ ಹೇಳಿದ್ದರು... ಬೆಳ್ತಂಗಡಿ ಬಂದರೂ ನೆನಪಾಗಲಿಲ್ಲ. ಕೇಳೋಣವೆಂದರೆ ಅವರಿಲ್ಲ.