ಎಲ್ಲರ ಪರವಾಗಿ ಒಂದು ಸಹಿ

ಕಾಶೆವ್ವನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ ಎನ್ನುವವರು ಗಿರಣಿ ತೋಟದಲ್ಲಿ ಇನ್ನೂ ಇದ್ದಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಆದರೂ ಬರೆಯುತ್ತೇನೆ.

ಮೇಲವಂಕಿಯಿಂದ ಕೌಜಲಗಿ ಕಡೆಗೆ ಹೋಗುವಾಗ ಕಬ್ಬಿನ ನಡುವೆ ಚದುರಿಕೊಂಡಿರುವ ಮೂವತ್ತು ಮನೆಗಳೇ ಗಿರಣಿ ತೋಟ. ಹೊಲ ಇದ್ದವರ ಮಕ್ಕಳು ಹಳದಿ ಬಸ್ಸು ಹತ್ತಿ ಗೋಕಾಕಕ್ಕೆ ಹೋಗುತ್ತಾರೆ. ಕೂಲಿಯವರ ಮಕ್ಕಳು ಸರ್ಕಾರಿ ಶಾಲೆಗೆ ಬರುತ್ತಾರೆ. ಒಂದರಿಂದ ಐದನೇ ತರಗತಿಯವರೆಗೆ ಇಪ್ಪತ್ತಾರು ಮಕ್ಕಳು, ಸೋರುವ ಎರಡು ಖೋಲಿ, ಒಬ್ಬಳೇ ಶಿಕ್ಷಕಿ. ಆ ಶಿಕ್ಷಕಿ ಶೋಭಾ ನಾನೇ.

ಕಾಶೆವ್ವನಿಗೆ ಐವತ್ತೆಂಟು ವರ್ಷ. ಗಂಡ ತೀರಿಕೊಂಡಾಗಿನಿಂದ ಕಳೆ ತೆಗೆಯುವ ಹೆಂಗಸರ ಗುಂಪಿಗೆ ಅವಳೇ ಹಿರಿಯಳು. ಆ ಗುಂಪಿನಲ್ಲೊಂದು ರೂಢಿಯಿದೆ. ಮಾಲೀಕನ ಮುಂದೆ ಒಬ್ಬಳೇ ಮಾತಾಡಬೇಕು. ಎಷ್ಟು ಆಳು, ಎಷ್ಟು ಹೊತ್ತಿಗೆ ಊಟ, ಎಲ್ಲವನ್ನೂ ಕಾಶೆವ್ವನೇ ಹೇಳುತ್ತಾಳೆ. ಅವಳು ಹೂಂ ಅಂದರೆ ಎಲ್ಲರೂ ಹೂಂ ಅಂದಂತೆ. ಬಿಡಿಬಿಡಿಯಾಗಿ ಮಾತಾಡಿದರೆ ಒಬ್ಬೊಬ್ಬರನ್ನೇ ಹೆದರಿಸಿ ಕೂಲಿ ಇಳಿಸುತ್ತಾರೆಂದು ಪೆಟ್ಟು ತಿಂದು ಕಲಿತ ಬುದ್ಧಿ ಅದು.

ಹೋದ ವರ್ಷ ಜನವರಿಯಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಶಾಲೆಗೆ ಬಂದು ತಾಯಂದಿರ ಸಭೆ ಕರೆದರು. "ನಿಮ್ಮ ಮಕ್ಕಳಿಗೆ ದೊಡ್ಡ ಸಾಲಿ ಸಿಗ್ತೈತಿ, ಎಲ್ಲಾರದೂ ಒಪ್ಪಿಗೆ ಐತಿಲ್ಲ?" ಎಂದು ಕೇಳಿದರು. ಶಾಲೆಯನ್ನೇ ದೊಡ್ಡದು ಮಾಡಿಕೊಡುತ್ತಾರೆಂದು ತಿಳಿದ ಕಾಶೆವ್ವ ರೂಢಿಯಂತೆ ಎದ್ದು ನಿಂತು, "ಐತ್ರಿ ಸಾಹೇಬ್ರ" ಎಂದು ಎಲ್ಲರ ಪರವಾಗಿ ಸಹಿ ಹಾಕಿದಳು. ಸಹಿ ಒಂದನ್ನು ಬಿಟ್ಟು ಬೇರೆ ಅಕ್ಷರ ಅವಳಿಗೆ ಬಾರದು. ಅದು ಶಾಲೆ ಮುಚ್ಚುವ ಕಾಗದ ಎಂದು ನನಗೆ ಗೊತ್ತಿತ್ತು. ಚಹಾದ ತಟ್ಟೆ ಹಿಡಿದು ಹಿಂದೆ ನಿಂತಿದ್ದೆ. ನೌಕರಿಯ ಹೆದರಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ.

ಮಾರ್ಚ್‌ನಲ್ಲಿ ಆದೇಶ ಬಂತು. ಜೂನ್‌ನಿಂದ ಮಕ್ಕಳು ನಾಲ್ಕು ಕಿಲೋಮೀಟರ್ ದೂರದ ಶಾಲೆಗೆ ಹೋಗಬೇಕು, ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ಹೆದ್ದಾರಿ ದಾಟಿಕೊಂಡು. ಅಂದರೆ ಗಂಡುಮಕ್ಕಳಲ್ಲಿ ಕೆಲವರು ಹೋಗುತ್ತಾರೆ, ಹೆಣ್ಣುಮಕ್ಕಳು ಕಳೆ ಕೀಳುವ ಕುರಪಿ ಹಿಡಿದು ಹೊಲಕ್ಕಿಳಿಯುತ್ತಾರೆ. ಕಾಶೆವ್ವನ ಮೊಮ್ಮಗಳು ದೀಪಾ ಆಗ ಮೂರನೇ ತರಗತಿ.

ಆದೇಶವನ್ನು ನಾನೇ ಓದಿ ಹೇಳಿದೆ. ಕಾಶೆವ್ವ ಎದ್ದು ನನ್ನೆದುರು ಬಂದು ನಿಂತಳು.

"ಅವತ್ತ ನಿಮಗ ಗೊತ್ತಿತ್ತೇನ್ರಿ, ಅಕ್ಕೋರ?"

"ಗೊತ್ತಿತ್ತು."

"ನಾ ಓದಾಕ ಬರದಾಕಿ, ಕೆಡಿಸಿದೆ. ನೀವು ಓದಿದಾಕಿ, ಕೆಡಸಾಕ ಬಿಟ್ರಿ. ನಿಮ್ಮದ ದೊಡ್ಡ ತಪ್ಪು ನೋಡ್ರಿ."

ನಾಚಿಕೆಯಿಂದ ಸತ್ತಂತಾಯಿತು. ಅವಳು ಮಾತ್ರ ಅಳುತ್ತ ಕೂರುವ ಹೆಂಗಸಲ್ಲ. ಅಂದು ಸಂಜೆಯಿಂದಲೇ ಮನೆ ಮನೆಗೆ ಹೋಗಿ, "ನಿಮ್ಮ ಮಾತು ನಾ ಆಡಿ ಕೆಡಿಸೇನಿ. ಇನ್ನ ನಿಮ್ಮ ಮಾತು ನೀವ ಆಡಬೇಕು" ಎಂದಳು. ಯಾರಿಗೂ ಧೈರ್ಯವಿರಲಿಲ್ಲ. ಗಂಡನ ಎದುರೂ ದನಿ ಎತ್ತದ ಲಕ್ಷ್ಮೀಯಂತೂ, "ನೀನ ಹೇಳಬೇ, ನಾವು ಹಿಂದ ನಿಂದರ್ತೇವಿ" ಎಂದಳು. "ಹಿಂದ ನಿಂತದ್ದಕ್ಕ ಸಾಲಿ ಹೋತು" ಎಂದು ಕಾಶೆವ್ವ ಗದರಿದಳು. ಕಬ್ಬಿನ ಸಾಲಿನಲ್ಲಿ ಕಳೆ ಕೀಳುತ್ತಲೇ, ಕಚೇರಿಯಲ್ಲಿ ಆಡಬೇಕಾದ ಮಾತನ್ನು ಒಬ್ಬೊಬ್ಬಳಿಂದಲೂ ಆಡಿಸಿದಳು. ಹೊಲದ ಮಾಲೀಕ ಆದಿನಾಥ ಕಾಕಾ ಬದುವಿನ ಮೇಲೆ ನಿಂತು, "ಏನಬೇ, ಎಲ್ಲಾರೂ ಇಲೆಕ್ಷನ್ನಿಗೆ ನಿಂತೀರೇನ?" ಎಂದು ಕಿಚಾಯಿಸಿದರು. "ನಿಂತ್ರ ನಿಮ್ಮ ಓಟು ಬೇಕಾಗಂಗಿಲ್ರಿ ಕಾಕಾ" ಎಂದಳು ಕಾಶೆವ್ವ. ಲಕ್ಷ್ಮೀ ನಕ್ಕಿದ್ದನ್ನು ಜನ ನೋಡಿದ್ದು ಅಂದೇ.

ಏಪ್ರಿಲ್‌ನಲ್ಲಿ ಒಂದು ದಿನ ಕೂಲಿ ಬಿಟ್ಟು ಇಪ್ಪತ್ತನಾಲ್ಕು ಹೆಂಗಸರು ಎರಡು ಟಂಟಂ ಆಟೋ ತುಂಬಿಕೊಂಡು ಅಧಿಕಾರಿಯ ಕಚೇರಿಗೆ ಹೋದರು. ನಾನು ರಜೆ ಹಾಕಿ ಜೊತೆಗೆ ಹೋದೆ.

"ಸಂತಿ ಮಾಡಬ್ಯಾಡ್ರಿ, ಒಬ್ಬರ ಮಾತಾಡ್ರಿ" ಎಂದರು ಅಧಿಕಾರಿ. "ಕಾಶೆವ್ವ, ನೀ ಹೇಳು."

"ನಾ ಹೇಳೂದು ಜನವರಿದಾಗ ಮುಗದೈತ್ರಿ. ಈಗ ಇವರ ಪಾಳಿ" ಎಂದು ಅವಳು ನೆಲದ ಮೇಲೆ ಕುಳಿತುಬಿಟ್ಟಳು.

ಹೆಂಗಸರು ಒಬ್ಬರನ್ನೊಬ್ಬರು ಮುಂದೆ ತಳ್ಳಿದರು. ಕೊನೆಗೆ ಲಕ್ಷ್ಮೀ, "ನನ್ನ ಮಗಳನ್ನ ಆ ರಸ್ತಾ ದಾಟಸಂಗಿಲ್ರಿ. ಸಾಲಿ ಬಿಡಸಂಗೂ ಇಲ್ರಿ" ಎಂದಳು. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ಮಾಳಿಗೆ ಸೋರುವುದು, ಹೆಣ್ಣುಮಕ್ಕಳಿಗೆ ಸಂಡಾಸ ಇಲ್ಲದಿರುವುದು, ಐದು ವರ್ಗಕ್ಕೆ ಒಬ್ಬಳೇ ಶಿಕ್ಷಕಿ ಇರುವುದು, ಎಲ್ಲವೂ ಹೊರಬಂತು. ಊಟದ ಹೊತ್ತು ಮೀರಿತು.

ಅಧಿಕಾರಿ ಸಿಟ್ಟಾಗಿ ನನ್ನತ್ತ ತಿರುಗಿದರು. "ಸಭಾದಾಗ ಎಲ್ಲಾ ತಿಳಿಸಿ ಹೇಳಿದ್ನಿಲ್ಲ? ನೀವ ಸಾಕ್ಷಿ, ಹೇಳ್ರಿ ಮೇಡಂ."

ಹೂಂ ಎಂದಿದ್ದರೆ ನನ್ನ ನೌಕರಿಗೆ ಏನೂ ಆಗುತ್ತಿರಲಿಲ್ಲ. "ಇಲ್ರಿ ಸರ್" ಎಂದೆ. "ಮುಚ್ಚೂ ವಿಷಯ ನೀವು ಹೇಳಲಿಲ್ಲ. ನನಗ ಗೊತ್ತಿತ್ತು, ನಾನೂ ಹೇಳಲಿಲ್ಲ."

ಮೇ ತಿಂಗಳಲ್ಲಿ ಆದೇಶಕ್ಕೆ ತಡೆ ಬಂತು. ಎರಡನೇ ಶಿಕ್ಷಕರು ಇನ್ನೂ ಬಂದಿಲ್ಲ, ಅದಕ್ಕಾಗಿ ಪ್ರತಿ ಸೋಮವಾರ ಇಬ್ಬರು ಹೆಂಗಸರು ಸರದಿಯ ಮೇಲೆ ಕಚೇರಿಗೆ ಹೋಗಿ ಕೂರುತ್ತಾರೆ. ನನಗೆ ಮಾತ್ರ ನೋಟಿಸು ಬಂತು, ಶಿಸ್ತು ಮೀರಿದ್ದಕ್ಕೆ ಖುದ್ದಾಗಿ ಬಂದು ಉತ್ತರ ಕೊಡಬೇಕೆಂದು. ಯಾರಿಗೂ ಹೇಳದೆ ಒಬ್ಬಳೇ ಹೋದೆ. ಕಚೇರಿಯ ಗೇಟಿನಲ್ಲಿ ಎರಡು ಟಂಟಂ ನಿಂತಿದ್ದವು. ಸೋಮವಾರ ಅಲ್ಲಿ ಕೂತು ಬಂದವರ ಕಿವಿಗೆ ನೋಟಿಸಿನ ಸುದ್ದಿ ಬಿದ್ದಿತ್ತು.

ನನ್ನ ಕಣ್ಣು ತುಂಬಿದ್ದು ನೋಡಿ ಕಾಶೆವ್ವ ಸೆರಗು ಬಿಗಿದುಕೊಂಡಳು. "ಮಾಫ್ ಮಾಡೇನಿ ಅಂತ ತಿಳ್ಕೋಬ್ಯಾಡ್ರಿ, ಅಕ್ಕೋರ. ನಮ್ಮ ಸಾಲಿಗೆ ಇರೂದು ನೀವೊಬ್ಬರ. ನಿಮ್ಮನ್ನ ಬಿಟ್ಟು ಕೊಡಂಗಿಲ್ಲ. ನಡ್ರಿ ಒಳಗ."