ವೈಬ್ರೇಟರಿನ ಪೂಜಿ

ಮಡಗಾಂವದಾಗ ಸ್ಲ್ಯಾಬ್ ಹಾಕಾಕತ್ತಿದ್ವಿ. ಕಾಂಕ್ರೀಟ್ ಕೂಡ್ರಿಸೋ ವೈಬ್ರೇಟರಿನ ಪೆಟ್ರೋಲ್ ಎಂಜಿನ್ ಐದೈದು ನಿಮಿಷಕ್ಕ ಬಂದ್ ಬೀಳಾಕತ್ತಿತ್ತು. ಪ್ಲಗ್ ಒರೆಸಿದೆ, ಫಿಲ್ಟರ್ ಜಾಡಿಸಿದೆ, ಚಾಲೂ ಮಾಡೋ ಹಗ್ಗ ಜಗ್ಗಿ ಜಗ್ಗಿ ತೋಳು ಸೋತವು. ಸುರಿದ ಕಾಂಕ್ರೀಟ್ ಮಾತ್ರ ನನ್ನ ಸಲುವಾಗಿ ಕಾಯದೆ ಗಟ್ಟಿಯಾಗಾಕತ್ತಿತ್ತು.

ಬಾಜೂ ಮನಿಯ ಗೋವಾದ ಮುದುಕ ಬಂದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲ ಮಾಡಿದ. ಪುಸ್ ಅಂತು. ಒಮ್ಮೆ ಜಗ್ಗಿದ್ದಕ್ಕ ಎಂಜಿನ್ ಶುರುವಾತು, ನನಗೂ ಉಸಿರು ಬಂತು.

"ಮುಚ್ಚಳದಾಗ ಗಾಳಿ ಹೋಗೋ ತೂತು ಐತಿ. ಗಾಳಿ ಒಳಗ ಹೋಗದಿದ್ರ ಪೆಟ್ರೋಲ್ ಕೆಳಗ ಇಳಿಯಂಗಿಲ್ಲ. ಅದನ್ನ ಮುಚ್ಚಿದಾಂವ ಯಾರು?" ಅಂತ ಹಿಂದಿಯೊಳಗ ಕೇಳಿದ.

ಮುಂಜಾನೆ ಪೂಜಿ ಮಾಡಿ, ಅಲ್ಲೇ ಹಸಿ ಅರಿಷಿಣ-ಕುಂಕುಮ ದಪ್ಪಗ ಮೆತ್ತಿದಾಂವ ನಾನ.

"ನಾನ, ಕಾಕಾ" ಅಂದೆ.

ಪೂಜಿ ಈಗೂ ಬಿಟ್ಟಿಲ್ಲ. ಆದ್ರ ಎಂಜಿನ್ನಿನ ಮೂಗು ಎಲ್ಲೈತಿ ಅಂತ ಮೊದಲ ಹುಡುಕಿ, ಆಮ್ಯಾಲೆ ಹಣಿಗೆ ಕುಂಕುಮ ಹಚ್ತೇನಿ.